ಯುಗಾದಿ ಕಳೆದ ಮೂರನೇ ರಾತ್ರಿ: ಲೆಫ್ಟಿನೆಂಟ್ ಕಿರಣ್ ಶೇಖಾವತ್ ನೆನಪು

(ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಮೀನುಗಾರರು ಮತ್ತು ನಿವೃತ್ತ ನೌಕಾಪಡೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2015ರ ಮಾರ್ಚ್ 24, ಮಂಗಳವಾರ. ಆ ವರ್ಷ ಯುಗಾದಿ 21ಕ್ಕೆ ಬಂದಿತ್ತು. ಹಬ್ಬ ಕಳೆದು ಮೂರನೇ ರಾತ್ರಿ. ಗೋವಾದಲ್ಲಿರುವ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಹಂಸದ ಒಂದು ಡಾರ್ನಿಯರ್ ವಿಮಾನ ಸಮುದ್ರದ ಮೇಲೆ ರಾತ್ರಿ ತರಬೇತಿ ಹಾರಾಟದಲ್ಲಿತ್ತು. ಒಳಗೆ ಇದ್ದವರು ಮೂರು ಜನ. ಇಬ್ಬರು ಪೈಲಟ್‌ಗಳು, ಒಬ್ಬರು ಅಬ್ಸರ್ವರ್. ರಾತ್ರಿ ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಸಂಪರ್ಕ ಕಡಿದು ಹೋಯಿತು. ವಿಮಾನ ಗೋವಾದಿಂದ ನೈಋತ್ಯಕ್ಕೆ ಸುಮಾರು 25 ನಾಟಿಕಲ್ ಮೈಲಿ ದೂರದಲ್ಲಿ ಸಮುದ್ರಕ್ಕೆ ಬಿದ್ದಿತ್ತು. ನಮ್ಮ ಲೆಕ್ಕದಲ್ಲಿ 46 ಕಿಲೋಮೀಟರ್. ನೀವು ಇಲ್ಲಿನ ಬೈತಖೋಲ ಬಂದರಿನಿಂದ ಬೋಟು ಬಿಟ್ಟು ಮೀನಿಗೆ ಹೋಗುವ ಅದೇ ಅರಬ್ಬಿ ಸಮುದ್ರ.

ವಿಮಾನವನ್ನು ನಡೆಸುತ್ತಿದ್ದ ಕಮಾಂಡರ್ ಬದುಕಿ ಉಳಿದರು. ಅವರನ್ನು ನೀರಿನಿಂದ ಎತ್ತಿದ್ದು ಮೀನುಗಾರರ ಬೋಟು. ಇನ್ನೊಬ್ಬ ಪೈಲಟ್ ಲೆಫ್ಟಿನೆಂಟ್ ಅಭಿನವ್ ನಾಗೋರಿ ಮತ್ತು ಅಬ್ಸರ್ವರ್ ಲೆಫ್ಟಿನೆಂಟ್ ಕಿರಣ್ ಶೇಖಾವತ್ ಉಳಿಯಲಿಲ್ಲ. ಕಿರಣ್‌ಗೆ ಆಗ 26 ವರ್ಷ. ಮೇ 1 ಬಂದಿದ್ದರೆ 27 ತುಂಬುತ್ತಿತ್ತು.

ಈ ಸುದ್ದಿ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲದಿದ್ದರೆ ಅದಕ್ಕೆ ಕಾರಣ ಇದೆ. ಅದೇ ಮಾರ್ಚ್ 24ರಂದು ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ಜರ್ಮನ್‌ವಿಂಗ್ಸ್ ವಿಮಾನ ಬಿದ್ದು 150 ಜನ ತೀರಿಕೊಂಡರು. ಪ್ರಪಂಚದ ಟೀವಿಗಳೆಲ್ಲ ಅತ್ತ ತಿರುಗಿದವು. ಎರಡು ದಿನ ಕಳೆದು 26ಕ್ಕೆ ಸಿಡ್ನಿಯಲ್ಲಿ ವಿಶ್ವಕಪ್ ಸೆಮಿಫೈನಲ್. ಭಾರತ ಆಸ್ಟ್ರೇಲಿಯಾ ಎದುರು ಸೋತ ದಿನ. ಊರೂರಲ್ಲೂ ಅದೇ ಮಾತು. ಕಿರಣ್ ಅವರ ದೇಹ ಸಮುದ್ರದ ತಳದಲ್ಲಿ ಸಿಕ್ಕಿದ್ದು ಅದೇ ದಿನ ಸಂಜೆಯ ಮೇಲೆ. ಯಾರ ಮೇಲೂ ದೂರು ಹೇಳುತ್ತಿಲ್ಲ. ಆದರೆ ಒಂದು ಜೀವ ಹೋದ ಸುದ್ದಿ ಎಷ್ಟು ಬೇಗ ಕೆಳಗೆ ಸರಿಯಿತು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಇಂಥ ಸಾವಿನ ಸುದ್ದಿ ಬಂದಾಗ ನಾವು ಸುಲಭವಾಗಿ ಆಡಿಬಿಡುವ ಮಾತು. "ಅಯ್ಯೋ ಪಾಪ, ಸುಮ್ನೆ ಹೋಯ್ತಲ್ಲ ಜೀವ. ಯುದ್ಧದಲ್ಲಾದರೂ ಹೋಗಿದ್ದರೆ..." ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ, ಮರುಕದಿಂದಲೇ ಹೇಳುತ್ತೇವೆ. ಆದರೂ ಆ ಮಾತು ತಪ್ಪು. ಯಾಕೆ ತಪ್ಪು ಅಂತ ಹೇಳಲಿಕ್ಕೇ ನಾನು ಇವತ್ತು ಇಲ್ಲಿ ನಿಂತಿರುವುದು. ಅದಕ್ಕೆ ಕಿರಣ್ ಮಾಡುತ್ತಿದ್ದ ಕೆಲಸ ಏನು ಅಂತ ಮೊದಲು ತಿಳಿಯಬೇಕು.

ಅವರ ಬದುಕಿನ ಬಗ್ಗೆ ಎರಡು ಮಾತು. ಹುಟ್ಟಿದ್ದು ಮುಂಬೈಯಲ್ಲಿ. ಮೂಲ ಊರು ರಾಜಸ್ಥಾನದ ಝುಂಝುನು ಜಿಲ್ಲೆಯ ಸೆಫ್ರಾಗುವಾರ್ ಹಳ್ಳಿ. ತಂದೆ ನೌಕಾಪಡೆಯಲ್ಲಿ ನಾವಿಕರಾಗಿ ಸೇರಿ ದುಡಿದವರು. ಮಗಳು ಕೇರಳದ ಎಳಿಮಲದ ನೌಕಾ ಅಕಾಡೆಮಿಯಿಂದ 2010ರ ಜುಲೈಯಲ್ಲಿ ಅಧಿಕಾರಿಯಾಗಿ ಹೊರಬಂದರು. ನಾವಿಕನ ಮಗಳು ಅಧಿಕಾರಿ! ಇಲ್ಲಿ ಕುಳಿತಿರುವ ನಿವೃತ್ತ ನಾವಿಕರಿಗೆ ಅದರ ಹೆಮ್ಮೆ ಎಂಥದ್ದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. 2015ರ ಗಣರಾಜ್ಯೋತ್ಸವದಲ್ಲಿ ಮೊದಲ ಸಲ ಮೂರೂ ಪಡೆಗಳ ಮಹಿಳಾ ತುಕಡಿಗಳು ದೆಹಲಿಯ ರಾಜಪಥದಲ್ಲಿ ನಡೆದವು. ಅಮೆರಿಕದ ಅಧ್ಯಕ್ಷ ಒಬಾಮಾ ಬಂದಿದ್ದ ವರ್ಷ. ನೌಕಾಪಡೆಯ ಆ ತುಕಡಿಯಲ್ಲಿ ಕಿರಣ್ ಹೆಜ್ಜೆ ಹಾಕಿದ್ದರು. ಅದಾಗಿ ಎರಡು ತಿಂಗಳು ತುಂಬುವಷ್ಟರಲ್ಲಿ ಈ ಅಪಘಾತ.

ಕರ್ತವ್ಯದಲ್ಲಿದ್ದಾಗ ತೀರಿಕೊಂಡ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ ಅಂತ ಅವರ ಹೆಸರಿನ ಮುಂದೆ ಬರೆಯುತ್ತಾರೆ. ಅದು ನಿಜವೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅವರ ಸಾವು ನೆನಪಿರುತ್ತದೆ, ಅವರ ಕೆಲಸ ಮರೆತು ಹೋಗುತ್ತದೆ.

ಅಬ್ಸರ್ವರ್ ಅಂದರೆ ಯಾರು? ಪೈಲಟ್ ವಿಮಾನ ಓಡಿಸುತ್ತಾರೆ. ವಿಮಾನ ಯಾಕೆ ಹಾರುತ್ತಿದೆಯೋ ಆ ಕೆಲಸ ಮಾಡುವವರು ಅಬ್ಸರ್ವರ್. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ಈಗ ಟುಪೊಲೆವ್ ವಿಮಾನ ನಿಂತಿದೆಯಲ್ಲ, ನೀವೆಲ್ಲ ನೋಡಿರುತ್ತೀರಿ. ಅದೂ ಸಮುದ್ರದ ಮೇಲೆ ಕಣ್ಣಿಡುವ ವಿಮಾನವೇ. 1988ರಲ್ಲಿ ಗೋವಾಕ್ಕೆ ಬಂದು, ಆಮೇಲೆ ತಮಿಳುನಾಡಿನ ಅರಕ್ಕೋಣಕ್ಕೆ ಹೋಗಿ, 2017ರಲ್ಲಿ ನಿವೃತ್ತಿ ಆಯಿತು. ಮಕ್ಕಳು ಒಳಗೆ ಹೋದರೆ ನೇರ ಪೈಲಟ್ ಸೀಟಿನ ಕಡೆ ಓಡುತ್ತಾರೆ. ಮುಂದಿನ ಸಲ ಹೋದಾಗ ಆ ವಿಮಾನದಲ್ಲಿ ಪೈಲಟ್ ಅಲ್ಲದೆ ಇನ್ನೂ ಯಾರೆಲ್ಲ ಕೂರುತ್ತಿದ್ದರು ಅಂತ ಕೇಳಿ ನೋಡಿ.

ಡಾರ್ನಿಯರ್ ಟುಪೊಲೆವ್‌ನಷ್ಟು ದೊಡ್ಡದಲ್ಲ. ಎರಡು ಎಂಜಿನ್, ರೆಕ್ಕೆ ಮೇಲ್ಗಡೆ. ಮೂಲ ವಿನ್ಯಾಸ ಜರ್ಮನಿಯದು, ಕಟ್ಟುವುದು ಎಚ್‌ಎಎಲ್‌ನ ಕಾನ್ಪುರ ಕಾರ್ಖಾನೆಯಲ್ಲಿ. ನೌಕಾಪಡೆಯ ಡಾರ್ನಿಯರ್‌ಗೆ ಹೊಟ್ಟೆಯ ಕೆಳಗೆ ರಾಡಾರ್ ಇರುತ್ತದೆ. ಅದು ಸುತ್ತಲಿನ ಸಮುದ್ರವನ್ನೆಲ್ಲ ನೋಡುತ್ತದೆ. ಅಬ್ಸರ್ವರ್ ಪರದೆಯ ಮುಂದೆ ಕೂರುತ್ತಾರೆ. ಪರದೆ ತುಂಬ ಚುಕ್ಕಿಗಳು. ಒಂದು ಚುಕ್ಕಿ ಎಣ್ಣೆ ಹಡಗು, ಇನ್ನೊಂದು ಕಂಟೇನರ್ ಹಡಗು, ಒಂದಷ್ಟು ಮೀನು ಹಿಡಿಯುವ ಟ್ರಾಲ್ ಬೋಟು, ಪರ್ಸೀನ್ ಬೋಟು. ದೊಡ್ಡ ಹಡಗುಗಳು ತಮ್ಮ ಹೆಸರು, ದಿಕ್ಕು, ವೇಗವನ್ನು ತಾವೇ ಬಿತ್ತರಿಸುತ್ತಾ ಇರುತ್ತವೆ. ಬಿತ್ತರಿಸಬೇಕಾದದ್ದು ಸುಮ್ಮನಿದ್ದರೆ ಅದು ಯಾಕೆ? ರೇಡಿಯೋದಲ್ಲಿ ಕರೆದು ಕೇಳಬೇಕು, ಯಾವ ಹಡಗು, ಎಲ್ಲಿಗೆ ಹೊರಟಿದ್ದೀರಿ ಅಂತ. ಉತ್ತರ ಸರಿ ಕಾಣದಿದ್ದರೆ ಹತ್ತಿರ ಹೋಗಿ ನೋಡಬೇಕು. ಎಷ್ಟು ಕೆಳಗೆ ಇಳಿಯಬೇಕು, ಯಾವ ಕಡೆಯಿಂದ ಹೋಗಬೇಕು ಅಂತ ಪೈಲಟ್‌ಗೆ ಹೇಳಬೇಕು. ಇಷ್ಟನ್ನೂ ಅಲುಗಾಡುವ ವಿಮಾನದೊಳಗೆ ಕೂತು ಮಾಡಬೇಕು.

ಇದು ಎಷ್ಟು ಮುಖ್ಯ ಅಂತ ನಮಗೆ ಗೊತ್ತಾಗಿದ್ದು 2008ರ ನವೆಂಬರ್ 26ರ ರಾತ್ರಿ. ಮುಂಬೈ ಮೇಲೆ ದಾಳಿ ಮಾಡಿದವರು ಬಂದಿದ್ದು ಸಮುದ್ರದಿಂದ. ಪೋರಬಂದರಿನ ಕುಬೇರ್ ಅನ್ನುವ ಮೀನು ಬೋಟನ್ನು ಹಿಡಿದು, ಅದರಲ್ಲೇ ಮುಂಬೈ ಹತ್ತಿರದವರೆಗೆ ಬಂದರು. ಸಾವಿರಾರು ಬೋಟುಗಳ ನಡುವೆ ಅದೊಂದು ಬೋಟು. ಅದಾದ ಮೇಲೆ ಕರಾವಳಿ ಕಾವಲಿನ ಒಟ್ಟು ಹೊಣೆ ನೌಕಾಪಡೆಗೆ ಬಂತು. ಕಿರಣ್ ಅಧಿಕಾರಿಯಾದದ್ದು ಅದರ ಮರುವರ್ಷಗಳಲ್ಲಿ. ಅವರ ಪರದೆಯ ಮೇಲಿನ ಚುಕ್ಕಿಗಳಿಗೆ ಅಷ್ಟು ತೂಕ ಬಂದಿದ್ದ ಕಾಲ ಅದು.

ಹಗಲಲ್ಲೇ ಇಷ್ಟು ಕಷ್ಟ ಇದ್ದರೆ ರಾತ್ರಿ ಇನ್ನೂ ಕಷ್ಟ. ಇಲ್ಲಿ ಕೂತಿರುವ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ರಾತ್ರಿಯ ಸಮುದ್ರ ಗೊತ್ತು. ಆದರೆ ಮೇಲಿನಿಂದ ಅದು ಬೇರೆಯೇ. ನೆಲದ ಮೇಲೆ ರಾತ್ರಿ ಹಾರುವಾಗ ಊರಿನ ದೀಪಗಳಿರುತ್ತವೆ, ರಸ್ತೆಯ ಗೆರೆ ಇರುತ್ತದೆ. ದಡ ಬಿಟ್ಟು 40 ಕಿಲೋಮೀಟರ್ ದಾಟಿದರೆ ಕೆಳಗೂ ಕಪ್ಪು, ಮೇಲೂ ಕಪ್ಪು. ಬಾನು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಹೇಳುವ ಗೆರೆಯೇ ಕಾಣುವುದಿಲ್ಲ. ಮೀನು ಬೋಟಿನ ದೀಪ ನಕ್ಷತ್ರದ ಹಾಗೆ ಕಾಣುತ್ತದೆ. ನಮ್ಮ ಕಿವಿಯ ಒಳಗೆ ಸಣ್ಣ ಕೊಳವೆಗಳಿವೆ, ಅದರಲ್ಲಿ ದ್ರವ ಇದೆ. ದೇಹ ಯಾವ ಕಡೆ ವಾಲಿದೆ ಅಂತ ಮೆದುಳಿಗೆ ಹೇಳುವುದು ಅದೇ. ವಿಮಾನ ನಿಧಾನವಾಗಿ ವಾಲುತ್ತಾ ತಿರುಗಿದರೆ ಆ ದ್ರವಕ್ಕೆ ಗೊತ್ತೇ ಆಗುವುದಿಲ್ಲ. ವಿಮಾನ ಒಂದು ಕಡೆ ವಾಲಿದ್ದರೂ ಮೈ 'ನೇರ ಇದ್ದೀಯ' ಅನ್ನುತ್ತದೆ. ಎದುರಿನ ಉಪಕರಣ 'ವಾಲಿದ್ದೀಯ' ಅನ್ನುತ್ತದೆ. ಯಾವುದನ್ನು ನಂಬಬೇಕು? ಉಪಕರಣವನ್ನು. ತನ್ನ ಮೈಯೇ ಹೇಳುವುದನ್ನು ಪಕ್ಕಕ್ಕಿಟ್ಟು ಮುಳ್ಳು ತೋರಿಸುವುದನ್ನು ನಂಬುವುದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಅದು ಮತ್ತೆ ಮತ್ತೆ ಮಾಡಿಯೇ ಬರಬೇಕು. ಬಿಟ್ಟರೆ ತಪ್ಪಿ ಹೋಗುತ್ತದೆ. ಅದಕ್ಕೇ ವರ್ಷಗಟ್ಟಲೆ ಅನುಭವ ಇದ್ದವರೂ ರಾತ್ರಿ ಹಾರಾಟದ ಅಭ್ಯಾಸವನ್ನು ಬಿಡುವ ಹಾಗಿಲ್ಲ.

ಆ ಡಾರ್ನಿಯರ್ ಇದೇ ಕಾರಣದಿಂದ ಬಿತ್ತು ಅಂತ ನಾನು ಹೇಳುತ್ತಿಲ್ಲ. ನೌಕಾಪಡೆ ತನಿಖಾ ಮಂಡಳಿ ನೇಮಿಸಿತು, ಆ ಕೆಲಸ ಅವರದು. ನಾನು ಹೇಳುವುದು ಇಷ್ಟೇ: ರಾತ್ರಿ ತರಬೇತಿ ಅಂದರೆ ಶಾಲೆಯ ಮೈದಾನದ ಕವಾಯತು ಅಲ್ಲ. ಅದೇ ವಿಮಾನ, ಅದೇ ಸಮುದ್ರ, ಅದೇ ಕತ್ತಲು. ಶತ್ರು ಇಲ್ಲ ಅನ್ನುವುದೊಂದೇ ವ್ಯತ್ಯಾಸ. ಸಮುದ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ಹುಡುಕಾಟದ ಮಾತು. ಇದರಲ್ಲಿ ಕಾರವಾರದ ಪಾಲು ಇದೆ.

ವಿಮಾನ ಕಾಣೆಯಾದ ರಾತ್ರಿಯೇ ಹಡಗುಗಳು, ವಿಮಾನಗಳು ಹೊರಟವು. ನೀರಿನ ಮೇಲೆ ತೇಲುವ ಚೂರುಗಳನ್ನು ಕಣ್ಣು ಹುಡುಕಬಹುದು. ಮುಳುಗಿದ್ದನ್ನು ಹುಡುಕಲಿಕ್ಕೆ ಕಣ್ಣು ಸಾಲದು. ಆಗ ಬಂದದ್ದು ಐಎನ್‌ಎಸ್ ಮಕರ್. ಎರಡು ಒಡಲಿನ ಸರ್ವೇ ಹಡಗು, ನೆಲೆ ನಿಮ್ಮೂರು ಕಾರವಾರ. 2012ರಲ್ಲಿ ನೌಕಾಪಡೆಗೆ ಸೇರಿದ್ದು. ಅದರ ದಿನನಿತ್ಯದ ಕೆಲಸ ಸಮುದ್ರದ ತಳವನ್ನು ಅಳೆದು ನಕ್ಷೆ ಮಾಡುವುದು. ಸೈಡ್ ಸ್ಕ್ಯಾನ್ ಸೋನಾರ್ ಅನ್ನುವ ಉಪಕರಣ ಎರಡೂ ಬದಿಗೆ ಬೀಸಣಿಗೆಯ ಹಾಗೆ ಶಬ್ದವನ್ನು ಬೀಸುತ್ತದೆ. ತಳದಲ್ಲಿ ಬರೀ ಕೆಸರಿದ್ದರೆ ಒಂದು ಥರ ಮರಳಿ ಬರುತ್ತದೆ, ಲೋಹ ಇದ್ದರೆ ಗಟ್ಟಿಯಾಗಿ ಮರಳಿ ಬರುತ್ತದೆ. ಎತ್ತರದ ವಸ್ತುವಿನ ಹಿಂದೆ ನೆರಳು ಬೀಳುತ್ತದೆ. ಹಡಗು ಸಾಲು ಹಿಡಿದು ಹೋಗಬೇಕು, ತಿರುಗಬೇಕು, ಪಕ್ಕದ ಸಾಲು ಹಿಡಿದು ಬರಬೇಕು. ನಿಧಾನದ ಕೆಲಸ. ಹಾಗೆ ಹುಡುಕಿ ಸುಮಾರು 60 ಮೀಟರ್ ಆಳದಲ್ಲಿ ವಿಮಾನದ ಒಡಲನ್ನು ಮಕರ್ ಪತ್ತೆ ಮಾಡಿತು. ಡೈವರ್‌ಗಳು ಇಳಿದರು. ಕಿರಣ್ ವಿಮಾನದ ಒಳಗೇ ಇದ್ದರು. ಅಭಿನವ್ ಅವರ ದೇಹ ಸಿಗಲಿಕ್ಕೆ ಇನ್ನೂ ಕೆಲವು ದಿನ ಹಿಡಿಯಿತು.

60 ಮೀಟರ್ ಅಂದಾಗ ಈ ಸಭೆಯಲ್ಲಿ ಕೆಲವರ ಮುಖ ಬದಲಾದದ್ದು ನನಗೆ ಕಂಡಿತು. ಸುವರ್ಣ ತ್ರಿಭುಜ ಬೋಟು ಸಿಕ್ಕಿದ್ದೂ ಸುಮಾರು ಅಷ್ಟೇ ಆಳದಲ್ಲಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಬೋಟು, ಏಳು ಜನ, ಅದರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಸಮುದ್ರದಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಅದರ ಅವಶೇಷ ಕಂಡುಹಿಡಿಯಿತು. ಬೋಟು ಸಿಕ್ಕಿತು, ಜನ ಸಿಗಲಿಲ್ಲ. ಆ ಐದು ತಿಂಗಳು ಆ ಮನೆಗಳು ಹೇಗೆ ಕಳೆದವು ಅಂತ ಈ ಜಿಲ್ಲೆಗೆ ಗೊತ್ತು. ಕಾಯುವುದರಲ್ಲಿ ಸಮವಸ್ತ್ರದ ಮನೆ, ಮೀನುಗಾರರ ಮನೆ ಅಂತ ಭೇದ ಇಲ್ಲ. ಒಂದು ದೇಹ ಮನೆಗೆ ಬರುವುದು ಎಷ್ಟು ದೊಡ್ಡದು ಅನ್ನುವುದು ಬಾರದೇ ಇದ್ದವರಿಗೆ ಗೊತ್ತಿರುತ್ತದೆ.

ಕಿರಣ್ ಅವರ ಅಂತ್ಯಕ್ರಿಯೆ ಹರಿಯಾಣದ ಮೇವಾತ್ ಜಿಲ್ಲೆಯ ಕುರ್ಥಲಾದಲ್ಲಿ ನಡೆಯಿತು. ಅದು ಗಂಡನ ಊರು. ಅವರೂ ನೌಕಾಪಡೆಯ ಅಧಿಕಾರಿಯೇ. ಹೆಣ್ಣುಮಕ್ಕಳ ಓದು ತೀರಾ ಹಿಂದೆ ಬಿದ್ದಿದ್ದ ಜಿಲ್ಲೆ ಅದು. ಅಲ್ಲಿಗೆ ತ್ರಿವರ್ಣ ಧ್ವಜ ಹೊದ್ದು ಬಂದದ್ದು ಊರಿನ ಸೊಸೆ.

ಈಗ 'ಸುಮ್ನೆ ಹೋದ ಜೀವ' ಅನ್ನುವ ಮಾತಿಗೆ ಬರುತ್ತೇನೆ. ಸರಕಾರದ ಕಾಗದದಲ್ಲೂ ಒಂದು ಭೇದ ಇದೆ. ಯುದ್ಧದಲ್ಲಿ, ಕಾರ್ಯಾಚರಣೆಯಲ್ಲಿ ತೀರಿಕೊಂಡರೆ ಒಂದು ವರ್ಗ, ಆ ಕುಟುಂಬಕ್ಕೆ ಹೆಚ್ಚಿನ ಪಿಂಚಣಿ. ತರಬೇತಿಯ ಅಪಘಾತದಲ್ಲಿ ತೀರಿಕೊಂಡರೆ ಇನ್ನೊಂದು ವರ್ಗ, ಬೇರೆ ಪಿಂಚಣಿ. ಲೆಕ್ಕಪತ್ರಕ್ಕೆ ವರ್ಗ ಬೇಕಾಗಬಹುದು, ಅದರ ಸರಿತಪ್ಪು ಬೇರೆ ಚರ್ಚೆ. ಆದರೆ ಆ ಭೇದ ನಮ್ಮ ಮನಸ್ಸಿಗೂ ಇಳಿದುಬಿಟ್ಟಿದೆ, ಅಲ್ವಾ? ಗಡಿಯಲ್ಲಿ ಹೋದವರ ಹೆಸರು ರಸ್ತೆಗೆ, ಸರ್ಕಲ್‌ಗೆ. ತರಬೇತಿಯಲ್ಲಿ ಹೋದವರಿಗೆ ಒಂದು ದಿನದ ಸುದ್ದಿ.

ಕಾರವಾರಕ್ಕೆ ಪರಮವೀರ ಚಕ್ರದ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಚೆಂಡಿಯಾದ ಮಗ. 1948ರಲ್ಲಿ ನೌಶೇರಾದಿಂದ ರಜೌರಿಗೆ ಟ್ಯಾಂಕ್‌ಗಳು ಹೋಗಲಿಕ್ಕೆ ಗುಂಡಿನ ಮಳೆಯ ನಡುವೆ ನೆಲದಲ್ಲಿ ಹೂತಿಟ್ಟ ಸ್ಫೋಟಕ ಮೈನ್ ತೆಗೆದು ದಾರಿ ಬಿಡಿಸಿಕೊಟ್ಟವರು. ಆ ಕೈಗೆ ಮೈನ್ ತೆಗೆಯುವ ಹದ ಬಂದದ್ದು ಆ ದಿನ ಅಲ್ಲ. ಎಷ್ಟೋ ವರ್ಷದ ತರಬೇತಿಯಿಂದ. ಯುದ್ಧದ ದಿನ ಕೈ ನಡುಗದಿರುವುದಕ್ಕೆ ಬೆಲೆಯನ್ನು ಶಾಂತಿಯ ದಿನಗಳಲ್ಲೇ ಕೊಟ್ಟಿರಬೇಕಾಗುತ್ತದೆ. ಬಹಳ ಜನ ಆ ಬೆಲೆಯನ್ನು ಬೆವರಿನಲ್ಲಿ ಕೊಡುತ್ತಾರೆ. ಕೆಲವರು ಜೀವ ಕೊಡುತ್ತಾರೆ. ಕಿರಣ್ ಮತ್ತು ಅಭಿನವ್ ಹಾಗೆ ಕೊಟ್ಟವರು.

ಇದೇ ಗೋವಾ ಸಮುದ್ರದಲ್ಲಿ 2020ರ ನವೆಂಬರ್ 26ರಂದು ಇನ್ನೊಂದು ತರಬೇತಿ ಹಾರಾಟ ಹೀಗೇ ಮುಗಿಯಿತು. ಮಿಗ್-29ಕೆ ವಿಮಾನ, ವಿಕ್ರಮಾದಿತ್ಯ ಹಡಗಿನಿಂದ ಹಾರಿದ್ದು. ಕಲಿಯುತ್ತಿದ್ದ ಪೈಲಟ್ ಬದುಕಿದರು. ಕಲಿಸುತ್ತಿದ್ದ ಕಮಾಂಡರ್ ನಿಶಾಂತ್ ಸಿಂಗ್ ಅವರ ದೇಹ ಸಿಕ್ಕಿದ್ದು 11 ದಿನದ ಮೇಲೆ, ಸುಮಾರು 70 ಮೀಟರ್ ಆಳದಲ್ಲಿ. ಇನ್ನೊಬ್ಬರಿಗೆ ಹಾರಲು ಕಲಿಸುತ್ತಾ ಹೋದ ಜೀವವನ್ನು ಯಾವ ಬಾಯಿಂದ ಸುಮ್ನೆ ಹೋಯಿತು ಅನ್ನೋಣ?

ಸಭೆ ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಕೇಳಿದಳು: "ಸರ್, ಕಿರಣ್ ಯಾಕೆ ಪೈಲಟ್ ಆಗಲಿಲ್ಲ?" ಒಳ್ಳೆಯ ಪ್ರಶ್ನೆ. ಆಗ ನೌಕಾಪಡೆಯಲ್ಲಿ ಹೆಣ್ಣುಮಕ್ಕಳಿಗೆ ಪೈಲಟ್ ಆಗುವ ಬಾಗಿಲೇ ತೆರೆದಿರಲಿಲ್ಲ. ವೈದ್ಯಕೀಯ ವಿಭಾಗ ಬಿಟ್ಟು ಬೇರೆ ಕೆಲಸಗಳಿಗೆ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ಸೇರಿದ್ದು 1992ರಿಂದ. ಮೊದಲ ಇಬ್ಬರು ಮಹಿಳಾ ಅಬ್ಸರ್ವರ್‌ಗಳು ಕೊಚ್ಚಿಯಲ್ಲಿ ತರಬೇತಿ ಮುಗಿಸಿದ್ದು 2009ರಲ್ಲಿ. ಮೊದಲ ಮಹಿಳಾ ಪೈಲಟ್ ಸಬ್ ಲೆಫ್ಟಿನೆಂಟ್ ಶಿವಾಂಗಿ ಬಂದದ್ದು 2019ರ ಡಿಸೆಂಬರ್ 2ರಂದು. ಅವರೂ ಡಾರ್ನಿಯರ್ ಪೈಲಟ್. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೌಕಾಪಡೆಯ ಹೆಣ್ಣುಮಕ್ಕಳಿಗೆ ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗೂ ಅಧಿಕಾರಿಯಾಗಿ ಉಳಿಯುವ ಹಕ್ಕನ್ನು ಎತ್ತಿಹಿಡಿಯಿತು. 2022ರ ಆಗಸ್ಟ್ 3ರಂದು ಪೋರಬಂದರಿನಿಂದ ಒಂದು ಡಾರ್ನಿಯರ್ ಅರಬ್ಬಿ ಸಮುದ್ರದ ಕಾವಲಿಗೆ ಹೊರಟಿತು. ಪೈಲಟ್‌ಗಳು, ಸೆನ್ಸರ್ ನೋಡುವವರು, ಐವರೂ ಹೆಣ್ಣುಮಕ್ಕಳೇ. ಕಿರಣ್ ಕೂರುತ್ತಿದ್ದಂಥ ಸೀಟಿನಲ್ಲಿ ಅವತ್ತು ಕೂತವರ ಹೆಸರು ಲೆಫ್ಟಿನೆಂಟ್ ಪೂಜಾ ಪಾಂಡಾ ಮತ್ತು ಸಬ್ ಲೆಫ್ಟಿನೆಂಟ್ ಪೂಜಾ ಶೇಖಾವತ್.

ಆ ಹುಡುಗಿಯ ತಾಯಿ ಪಕ್ಕದಲ್ಲೇ ಇದ್ದರು. "ಇಷ್ಟೆಲ್ಲ ಕೇಳಿದ ಮೇಲೆ ಮಗಳನ್ನು ಕಳಿಸೋದು ಹೇಗೆ ಹೇಳಿ" ಅಂದರು. ನಾನು ಅವರಿಗೆ ಧೈರ್ಯ ಹೇಳಲು ಹೋಗಲಿಲ್ಲ. ಹೆದರಿಕೆ ಇರಬೇಕಾದದ್ದೇ. ಕಿರಣ್ ಅವರ ತಂದೆಗೆ ಸಮುದ್ರ ಏನು ಅಂತ ಗೊತ್ತಿತ್ತು, ಗೊತ್ತಿದ್ದೇ ಮಗಳನ್ನು ಕಳಿಸಿದರು. ನೀವೂ ಎಲ್ಲ ತಿಳಿದುಕೊಂಡು, ಮಗಳ ಜೊತೆ ಕೂತು ಮಾತಾಡಿ ತೀರ್ಮಾನ ಮಾಡಿ ಅಮ್ಮಾ, ಯಾರ ಭಾಷಣ ಕೇಳಿಯೂ ಬೇಡ, ನನ್ನದನ್ನೂ ಸೇರಿಸಿ ಅಂದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ತಾಂಡೇಲರದ್ದು. ಆ ಕಮಾಂಡರನ್ನು ಎತ್ತಿದ ಬೋಟಿನವರ ಹಾಗೆ ತಮಗೂ ಯಾವತ್ತಾದರೂ ಕಂಡರೆ ಏನು ಮಾಡಬೇಕು ಅಂತ. ಅಲ್ಲಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಬೋಟಿನ ವಿಎಚ್‌ಎಫ್ ರೇಡಿಯೋ ಸೆಟ್‌ನಲ್ಲಿ ತುರ್ತು ಕರೆಯ ಚಾನೆಲ್ 16 ತೆರೆದಿರಲಿ. ನೀರಿನಲ್ಲಿ ಮನುಷ್ಯ ಕಂಡರೆ ಮೊದಲು ಎತ್ತಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಮಾಡಿ, ಜಿಪಿಎಸ್‌ನಲ್ಲಿ ಆ ಜಾಗ ಗುರುತು ಹಾಕಿಕೊಳ್ಳಿ. ಚಾನೆಲ್ 16ರಲ್ಲಿ ಕೂಗಿ ಹೇಳಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಬಲೆಗೆ ವಿಮಾನದ ಚೂರು ಸಿಕ್ಕಿದರೆ ಸಮುದ್ರಕ್ಕೆ ವಾಪಸ್ ಎಸೆಯಬೇಡಿ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಬರೆದಿಟ್ಟು, ಬಂದರಿಗೆ ತಂದು ಕೊಡಿ.